ತಲೆಗೆಣ್ಣೆ ಮತ್ತು ನಾಲ್ಕು ಕೋಣೆ

ಫಟ್!

ಹಂಚಿನ ಚೂರೊಂದು ಉಮಾವತಿಯ ಕಾಲಬುಡದಲ್ಲೇ ಬಿದ್ದು ಪುಡಿಯಾಯಿತು. ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ನೆತ್ತಿಯ ಮೇಲೆಯೇ ಬೀಳುತ್ತಿತ್ತು!

"ಹ್ವಾಯ್! ಯಾರದು ಮೇಲೆ? ಕೆಳ್ಗೆ ಜನ ಇದ್ರೋ ಇಲ್ಯೋ ಕಾಂಬುಕಾಗ್ದಾ?"

ಏಣಿಯ ತುದಿಯಿಂದ ಒಂದು ಮುಖ ಬಗ್ಗಿತು. ನಲವತ್ತು ಇನ್ನೂ ತುಂಬಿರದ ಗಂಡಸು. ಮೈಮೇಲೆ ಬೊಂಬಾಯಿ ಹೊಲಿಗೆಯ ಅಂಗಿ, ತಲೆತುಂಬ ಜೇಡರ ಬಲೆ.

"ತಪ್ಪಾಯ್ತ್ ಮರ್ರೆ! ಮಾಡಿನ ಮರ, ಪಕ್ಕಾಸು, ಗಟ್ಟಿ ಇತ್ತಾ ಅಂದೇಳಿ ಕಾಂತಿದ್ದೆ. ಪೆಟ್ಟಾಯ್ತಾ?"

"ನನ್ ಪೆಟ್ಟ್ ಇರ್ಲಿ. ಈ ಮಾಡಿನ ಪಕ್ಕಾಸು ನಿಮ್ಗೆ ಎಂತಕ್ಕೆ?"

"ಈ ಜಾಗ ನಂಗೆ ಬೇಕಿತ್ತ್, ಅದ್ಕೆ."

ಉಮಾವತಿಯೂ ಆ ಜಾಗವನ್ನೇ ನೋಡಲು ಬಂದವಳು!

ಪ್ರೀತಿ ಹೂವಿನಿಂದ ಶುರುವಾಗುತ್ತದೆ ಅಂತ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಇವರದಂತೂ ಒಡೆದ ಹಂಚಿನಿಂದ ಶುರುವಾಯಿತು. ಆದರೆ ಆ ಹೊತ್ತಿಗೆ ಉಮಾವತಿಗೆ ಬಂದದ್ದು ಪ್ರೀತಿಯಲ್ಲ, ಸಿಟ್ಟು. ಸಿಟ್ಟಿಗಿಂತ ಹೆಚ್ಚು ಹೆದರಿಕೆ.

ಅದು ಅರವತ್ತೊಂಬತ್ತನೇ ಇಸವಿ. ಕುಂದಾಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎದುರಿಗೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ಕೋಣೆ, ಹಿತ್ತಲಲ್ಲೊಂದು ಬಾವಿ. ಒಡತಿ ಪ್ರಭಾವತಿ ಭದ್ರಾವತಿಗೆ, ಮಗನ ಮನೆಗೆ ಹೊರಟಿದ್ದರು. ಮಾರಿಯೇ ಹೋಗಬೇಕು ಅನ್ನುವ ಹಟ ಅವರದು. ಕೊಂಡೇ ತೀರಬೇಕು ಅನ್ನುವ ಹಟ ಉಮಾವತಿಯದು.

ಮೂವತ್ತು ದಾಟಿದ ಉಮಾವತಿ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಕೈಕಾಲು ಗಟ್ಟಿ ಇರುವ ತನಕ ಸಂಬಳ, ಆಮೇಲೆ ಪಿಂಚಣಿ ಗಿಂಚಣಿ ಏನೂ ಇಲ್ಲ.

ಬಾರ್ಕೂರಿನ ಮನೆಯಲ್ಲಿ ಭೋಜ ಮಾವ ಕಣ್ಣು ಕೆಂಪು ಮಾಡಿದ್ದರು.

"ಮದುವಿ ಆಪ್ದ್ ಬಿಟ್ಟ್ ಪೇಟ್ಯಂಗೆ ಕೋಣೆ ತೆಗೂದಾ? ದುಡ್ಡಿದ್ರೆ ಗದ್ದೆ ತೆಗಿ!"

"ಗದ್ದೆ ಉಳುವವ್ರಿಗೇ ಆತ್ತ್ ಅಂತ ಎಲ್ಲರೂ ಹೇಳ್ತ್ರಲ್ಲ ಮಾವ? ಅರ್ವತ್ತ್ ವರ್ಷ ಆದ್ಮೇಲೆ ನಾನು ಗೇಣಿ ಅಕ್ಕಿಗೆ ಯಾರ ಬಾಗ್ಲಿಗೆ ಹೋಪ್ದು?"

"ಹಾಂಗಾರೆ ಚಿನ್ನ ಮಾಡ್ಸ್!"

"ಚಿನ್ನ ಮಾರಿ ಉಂಡ್ರೆ ಒಂದ್ಸಲಕ್ಕೆ ಮುಗೀತ್. ಬಾಡಿಗೆ ಆದ್ರೆ ತಿಂಗ್ಳ್ ತಿಂಗ್ಳ್ ಬತ್ತ್."

"ಮಳೆಗಾಲಕ್ಕೆ ಹಂಚು ಹೊದೆಸೂದ್ ಯಾರು? ಬಾಡಿಗೆಯವ ಏಳ್ದೆ ಕೂತ್ರೆ? ಕೋಣೆ ಖಾಲಿ ಬಿದ್ರೆ?"

ಮಾವ ಕೇಳಿದ್ದರಲ್ಲಿ ಸುಳ್ಳೇನಿದೆ? ರಾತ್ರಿಯಿಡೀ ಅವಳೂ ಅದನ್ನೇ ಕೇಳಿಕೊಳ್ಳುತ್ತಿದ್ದಳು.

ಆದರೂ ಗುಲಾಬಿ ದೊಡ್ಡಮ್ಮ ನೆನಪಾದರೆ ಅವಳ ಮನಸ್ಸು ಕಲ್ಲಾಗುತ್ತಿತ್ತು. ಮಕ್ಕಳಿಲ್ಲದ ದೊಡ್ಡಮ್ಮ ಗಂಡ ಹೋದ ಮೇಲೆ ತವರಿಗೆ ಬಂದಿದ್ದಳು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆ, ಅವಳ ಹಕ್ಕನ್ನು ಯಾರೂ ಇಲ್ಲವೆನ್ನಲಿಲ್ಲ. ಎಲೆಗೆ ಅನ್ನ ಬೀಳುತ್ತಿತ್ತು. ಆದರೆ ತಲೆಗೆ ನಾಲ್ಕು ಹನಿ ಎಣ್ಣೆ ಬೇಕಾದರೂ ಉಗ್ರಾಣದ ಬೀಗದಕೈ ಇದ್ದವರ ಮುಖ ನೋಡಬೇಕಿತ್ತು. ಕೊನೆಕೊನೆಗೆ ದೊಡ್ಡಮ್ಮ ಕೇಳುವುದನ್ನೇ ಬಿಟ್ಟಳು. ಒಣಗಿ ಜಡೆಗಟ್ಟಿದ ಆ ಕೂದಲನ್ನು ಅವಳು ಸತ್ತ ದಿನ ಬಾಚಿದ್ದು ಉಮಾವತಿಯೇ.

'ನನಗೆ ಆ ಗತಿ ಬೇಡ... ಏನಾದರೂ ಸರಿ, ಬೇಡ!'

ಈಗ ನೋಡಿದರೆ ಆ ಕೋಣೆಗಳ ಮೇಲೆ ಬೊಂಬಾಯಿ ದುಡ್ಡಿನವನ ಕಣ್ಣು!

ಅವನ ಹೆಸರು ರತ್ನಾಕರ. ಹತ್ತಿರದ ನಾವುಂದದವನು. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಹೋಗಿ ಕ್ಯಾಂಟೀನು ನಡೆಸಿ, ಊರೇ ಚೆಂದ ಅಂತ ವಾಪಸ್ಸು ಬಂದವನು.

ಮುಂದಿನ ಶನಿವಾರ ಉಮಾವತಿ ಬಾರ್ಕೂರಿಗೆ ಹೊರಟರೆ, ಬ್ರಹ್ಮಾವರದ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಅವನೇ ಬಂದು ಕೂರಬೇಕೆ!

"ಆ ಬಾವಿ ಮೇ ತಿಂಗ್ಳಂಗೆ ಬತ್ತತ್ತ್, ಗೊತ್ತಿತ್ತಾ? ಹಿಂದಿನ್ ಬದಿ ಪಕ್ಕಾಸಿಗೆ ಗೆದ್ಲು ಹಿಡ್ದಿತ್ತ್. ಕಂಡೇ ಮಾತಾಡಿ."

'ಹೆದರಿಸಿ ನನ್ನನ್ನು ಓಡಿಸುವ ಉಪಾಯ!' ಉಮಾವತಿ ಹಲ್ಲು ಕಚ್ಚಿದಳು.

"ಅಷ್ಟ್ ಹಾಳು ಜಾಗ ನಿಮ್ಗೆ ಎಂತಕ್ಕೆ ಮತ್ತೆ?"

ಅವನು ಏನೋ ಹೇಳಲು ಬಾಯಿ ತೆರೆದವನು ನುಂಗಿಕೊಂಡ. ಕಿವಿ ಕೆಂಪಾಯಿತು.

"ನಿಮ್ಗೆ ಎಂತಕ್ಕೆ? ಅದ್ ಹೇಳಿ ಮೊದ್ಲು."

ಆ ದನಿಯಲ್ಲಿ ಏನಿತ್ತೋ... ಯಾರಿಗೂ ಹೇಳದ ದೊಡ್ಡಮ್ಮನ ಎಣ್ಣೆಯ ಕಥೆಯನ್ನು ಉಮಾವತಿ ಪೂರ್ತಿ ಹೇಳಿಬಿಟ್ಟಳು! ಹೇಳಿ ಮುಗಿದಾಗ ಅವಳ ಕಣ್ಣು ತುಂಬಿತ್ತು. ಅವನು ಕೈ ಚಾಚಿ ಕಿಟಕಿ ತಟ್ಟಿ ಕೆಳಗಿಳಿಸಿ, ಅವಳ ಮುಖಕ್ಕೆ ಗಾಳಿ ಬರುವಂತೆ ಮಾಡಿದ.

ಇಳಿಯುವಾಗ ಅವಳಿಗೆ ತನ್ನ ಮೇಲೇ ಕೋಪ ಬಂತು. 'ಶತ್ರುವಿನ ಮುಂದೆ ಯಾಕೆ ಬಾಯಿ ಬಿಟ್ಟೆ? ಈ ಶತ್ರು ಪಕ್ಕದಲ್ಲಿ ಕೂತರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು?'

ಮರುದಿನ ಸಂಜೆ ಅವಳು ಪ್ರಭಾವತಿಯ ಮನೆಗೆ ಹೋಗಿ ಖಂಡಿತವಾಗಿ ಹೇಳಿದಳು.

"ಅಕ್ಕ, ಖಾಲಿ ಕೋಣೆ ನಂಗೆ ಅನ್ನ ಹಾಕೂದಿಲ್ಲ. ಬೀದಿ ಬದಿ ಕೋಣ್ಯಂಗೆ ನಿಂತು ವ್ಯಾಪಾರ ಮಾಡೋ ಒಬ್ಬ ಗಟ್ಟಿ ಜನ ಸಿಕ್ಕಿದ್ರೆ, ಅಮ್ಮನ ಚಿನ್ನ ಮಾರಿಯಾದ್ರೂ ತೆಗೀತೆ."

"ಶುಕ್ರವಾರ ಬಾ ಹೆಣೆ. ವೀಳ್ಯ ಕೊಟ್ಟೇ ಬಿಡ್ತೆ," ಎಂದರು ಪ್ರಭಾವತಿ.

ಅವರ ಕಡೆ ಮಾತು ಗಟ್ಟಿಯಾಗುವುದು ವೀಳ್ಯದಲ್ಲೇ. ಒಡೆಯರ ಕೈಯಿಂದ ಎಲೆ ಅಡಿಕೆ ಯಾರ ಕೈಗೆ ಬಿತ್ತೋ, ಆಮೇಲೆ ಯಾರು ಎಷ್ಟು ಹೆಚ್ಚು ಕೊಡುತ್ತೇನೆಂದರೂ ಬದಲಿಲ್ಲ.

ಶುಕ್ರವಾರ ಬೆಳಿಗ್ಗೆ ಉಮಾವತಿ ಪ್ರಭಾವತಿಯ ಅಂಗಳಕ್ಕೆ ಕಾಲಿಟ್ಟಳು. ಅಲ್ಲೇ ನಿಂತುಬಿಟ್ಟಳು.

ಜಗಲಿಯಲ್ಲಿ ರತ್ನಾಕರ! ಎರಡೂ ಕೈ ಮುಂದೆ ಚಾಚಿದ್ದಾನೆ. ಪ್ರಭಾವತಿ ನಗುನಗುತ್ತಾ ಅವನ ಬೊಗಸೆಗೆ ಎಲೆ ಅಡಿಕೆ ಹಾಕುತ್ತಿದ್ದಾರೆ!

ಮುಗಿಯಿತು... ಎಲ್ಲಾ ಮುಗಿಯಿತು!

"ಬಸ್ಸಂಗೆ ಅಷ್ಟೆಲ್ಲ ಕೇಂಡದ್ದು ಇದಕ್ಕೇ ಅಲ್ದಾ?" ಅವಳು ಅಂಗಳದಿಂದಲೇ ಕೇಳಿದಳು. "ನಿಮ್ಗೆ ದುಡ್ಡಿತ್ತ್, ತೆಗಿನಿ! ನನ್ ಕಥೆ ಕೇಂಡ್ ಮೇಲೂ ಮನ್ಸ್ ಹೇಂಗೆ ಬಂತ್ ನಿಮ್ಗೆ? ನಾನು... ನಾನು ನಿಮ್ಮನ್ನ ಒಳ್ಳೇವ್ರ್ ಅಂದೇಳಿ..."

ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿ ನಡೆದೇಬಿಟ್ಟಳು.

"ಉಮಾವತಿ! ನಿಲ್ಲೆ ಹೆಣೆ!" ಪ್ರಭಾವತಿ ಅಂಗಳಕ್ಕೆ ಓಡಿಬಂದು ಅವಳ ರಟ್ಟೆ ಹಿಡಿದರು. "ಎಂತ ಮಾರಾಯ್ತಿ ನೀನು! ಇವ್ರು ಜಾಗ ತೆಗೂಕೆ ಬಂದವ್ರಲ್ಲ. ಎದ್ರಿನ ಎರಡು ಕೋಣೆ ಬಾಡಿಗೆಗೆ ಕೇಂಬುಕೆ ಬಂದವ್ರು, ಹೋಟ್ಲು ಇಡ್ತ್ರಂತೆ! ಗಟ್ಟಿ ಜನ ಬೇಕು ಅಂದವ್ಳು ನೀನೇ ಅಲ್ದಾ? ಜಾಗ ಯಾರು ತಕಂಡ್ರೂ ಬಾಡಿಗೆಗೆ ಇವ್ರೇ ಅಂದೇಳಿ ವೀಳ್ಯ ಕೊಟ್ಟೆ!"

ಉಮಾವತಿ ಕಣ್ಣರಳಿಸಿ ನಿಂತಳು. ಬಾಡಿಗೆಗಾ?!

ರತ್ನಾಕರ ಮೆಟ್ಟಿಲಿಳಿದು ಬಂದ. ಪ್ರಭಾವತಿ ಏನೋ ನೆಪ ಹೇಳಿ ಒಳಗೆ ಹೋದರು. ಜಾಣೆ ಹೆಂಗಸು!

"ಅವತ್ತೇ ಎಂತಕ್ಕೆ ಹೇಳ್ಲಿಲ್ಲೆ?" ಎಂದಳು ಉಮಾವತಿ.

"ನಾಚ್ಕಿ ಆಯ್ತ್." ಅವನು ತಲೆ ತಗ್ಗಿಸಿದ. "ಬೊಂಬಾಯಿಂದ ಬಂದವ ಅಂದ್ರೆ ಚೀಲ ತುಂಬ ದುಡ್ಡು ಅಂತ ಊರಿಗೆಲ್ಲ ಅಂದಾಜಿ. ನಮ್ಮ ಅಳಿಯಸಂತಾನದಂಗೆ ಗಂಡ್ಸಿನ ದುಡಿಮೆ ಎಲ್ಲಿಗೆ ಹೋತ್ತ್ ಅಂತ ನಿಮ್ಗೇ ಗೊತ್ತಲ್ಲ... ಅಕ್ಕ ತಂಗೇರ ಮನಿಗೆ. ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ನಿಮ್ಮೆದ್ರ್ ಕೂತು 'ನನ್ ಕೈಯಂಗೆ ಎಂತದೂ ಇಲ್ಲೆ' ಅಂತ ಹೇಳುಕೆ... ಬೇರೆ ಯಾರೆದ್ರಾದ್ರೂ ಹೇಳ್ತಿದ್ದೆ. ನಿಮ್ಮೆದ್ರ್ ಆಯ್ಲಿಲ್ಲೆ."

"ನನ್ನೆದುರು ಎಂತಕ್ಕೆ ಆಯ್ಲಿಲ್ಲೆ?"

ಅವನು ತಲೆಯೆತ್ತಿದ. ಹೇಳದೆಯೇ ಎಲ್ಲವೂ ಆ ಕಣ್ಣಲ್ಲಿತ್ತು. ಆದರೂ ಹೇಳಿದ.

"ಹಂಚು ಬಿದ್ದ ದಿನ್ದಿಂದ ಮನ್ಸಿಗೆ ನೀವೇ ಬಪ್ದು... ಅದ್ಕೆ."

ಉಮಾವತಿಯ ಮುಖ ಕೆಂಪಾಯಿತು. ಖುಷಿ ನುಗ್ಗಿ ಬಂತು. ಅದರ ಬೆನ್ನಿಗೇ, ಗುಲಾಬಿ ದೊಡ್ಡಮ್ಮನ ಒಣಗಿದ ಕೂದಲು ಕಣ್ಣ ಮುಂದೆ ಬಂತು. ಖುಷಿ ಅಲ್ಲೇ ನಿಂತಿತು.

"ಒಂದ್ ಕೇಂತೆ. ಸಿಟ್ಟ್ ಮಾಡ್ಬೇಡಿ." ಅವಳ ದನಿ ಸಣ್ಣದಾಯಿತು. "ನಾಳೆ ನಮ್ಮ ಮದುವಿ ಆಯ್ತ್ ಅಂದೇಳಿ ಇಟ್ಕಣಿ. ಗಂಡನ ಹತ್ರ ಯಾರಾರೂ ಬಾಡಿಗೆ ಕೇಂತ್ರಾ? ಎದ್ರಿನ ಕೋಣೆ ಬಾಡಿಗೆಯೇ ಇಲ್ದಿದ್ರೆ, ನನ್ನ ಮುಪ್ಪಿಗೆ ಉಳೂದ್ ಎಂತ?"

ಅವನು ನಗಲಿಲ್ಲ. ಅವನು ನಕ್ಕಿದ್ದರೆ ಅವಳು ಆ ಕ್ಷಣವೇ ಹೊರಟುಹೋಗುತ್ತಿದ್ದಳು, ನಾನು ಹೇಳುತ್ತೇನೆ ಕೇಳಿ.

"ಕೇಣಿ," ಎಂದ ರತ್ನಾಕರ. "ತಿಂಗ್ಳ್ ತಿಂಗ್ಳ್ ಕೇಣಿ. ಗಂಡ ಅಂದೇಳಿ ಒಂದ್ ತಿಂಗ್ಳೂ ಬಿಡ್ಬೇಡಿ. ಜಾಗ ನಿಮ್ಮ ಹೆಸ್ರಂಗೇ ಇರ್ಲಿ. ನನ್ನ ಹೆಸ್ರಿಗಾದ್ರೆ ನಾಳೆ ಅಕ್ಕ ತಂಗೇರ ಮಕ್ಳು, ಅಳಿಯಂದಿರು, ಪಾಲು ಕೇಂತ್ರ್. ಅದು ನಿಮ್ಮ ಮುಪ್ಪಿನ ಅನ್ನ, ಅದಕ್ಕೆ ನಾನು ಕೈ ಹಾಕೂದಿಲ್ಲ."

"ಕೊಡ್ದಿದ್ರೆ?"

"ಹೊರ್ಗೆ ಹಾಕಿ."

"ಗಂಡನ್ನಾ?!"

"ಬಾಡಿಗೆಯವ್ನ ಹಾಕಿ. ಗಂಡ ಹಿಂದಿನ್ ಬಾಗ್ಲಂಗೆ ಬತ್ತ."

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು! ಒಳಗಿನಿಂದ ಪ್ರಭಾವತಿಯೂ ನಕ್ಕದ್ದು ಕೇಳಿಸಿತು.

ಆಮೇಲೆ ಉಮಾವತಿ ಜಗಲಿ ಹತ್ತಿ, ಕಣ್ಣೊರೆಸಿಕೊಂಡು ಎರಡೂ ಕೈ ಚಾಚಿದಳು. ಪ್ರಭಾವತಿ ಅವಳ ಬೊಗಸೆಗೂ ಎಲೆ ಅಡಿಕೆ ಹಾಕಿದರು. ನಾಲ್ಕು ಕೋಣೆ, ಗೆದ್ದಲು ಹಿಡಿದ ಪಕ್ಕಾಸು, ಬತ್ತುವ ಬಾವಿ, ಎಲ್ಲಾ ಅವಳದಾಯಿತು.

ವೀಳ್ಯ ಸೆರಗಿಗೆ ಕಟ್ಟಿಕೊಳ್ಳುತ್ತಾ ಅವಳು ಅವನತ್ತ ತಿರುಗಿದಳು.

"ಮುದುಕಿ ಆದ್ಮೇಲೆ ತಲೆಗೆ ಎಣ್ಣೆ ನನ್ ಬಾಡಿಗೆ ದುಡ್ಡಂಗೇ ತಕಂತೆ. ಯಾರ ಹತ್ರವೂ ಕೇಂಬುದಿಲ್ಲ."

"ಕೇಂಬ್ದೇ ಬೇಡ."

"ಆದ್ರೆ..." ಅವಳು ಕಣ್ಣು ತಗ್ಗಿಸಿದಳು. "ಹಚ್ಚುಕೆ ಯಾರಾರೂ ಬೇಕಲ್ದಾ?"

"ನಾ ಇಲ್ಯಾ?" ಎಂದ ರತ್ನಾಕರ.