ಅರ್ಧ ತುಂಬಿದ ದಿಂಬು

ಮೌನಪ್ಪನ ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ರಾಯಚೂರಿನ ಸ್ಟೇಷನ್ ರಸ್ತೆಯ ಲಾಂಡ್ರಿಯಲ್ಲಿ, ಬಟ್ಟೆ ಒಣಗಿಸುವ ಗ್ಯಾಸ್ ಮಷೀನಿನ ಮುಂದೆ ಅವನು ಅಂಗಾತ ಬಿದ್ದಿದ್ದ. ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬಂದವನು ಹೊಗೆ ಕಂಡು ಮಷೀನಿನ ಬಾಗಿಲು ಎಳೆದಿದ್ದ. ಒಳಗೆ ಕುಮುಲುತ್ತಿದ್ದ ಬೆಂಕಿಗೆ ಗಾಳಿ ಸಿಕ್ಕಿತು. ಅಷ್ಟೇ.

ಸಬ್ ಇನ್ಸ್‌ಪೆಕ್ಟರ್ ಕನಕರಾಯ ಮೂಗಿಗೆ ಕರವಸ್ತ್ರ ಒತ್ತಿದ. ಸುಟ್ಟ ಬಟ್ಟೆಯ ನಾತ. ಅದರಡಿಯಲ್ಲಿ ಅಗ್ಗದ ಅತ್ತರು. ಅತ್ತರಿನಡಿಯಲ್ಲಿ ಇನ್ನೇನೋ ಕೊಳೆತದ್ದು.

ಮಾಲೀಕ ಹಂಪಯ್ಯ ಎಂಟಕ್ಕೆ ಬಂದ. ನಿನ್ನೆ ನಾಲ್ಕಕ್ಕೇ ಮದುವೆಗೆಂದು ದೇವದುರ್ಗಕ್ಕೆ ಹೋಗಿದ್ದನಂತೆ, ಮೊದಲ ಬಸ್ಸಿಗೆ ವಾಪಸಾದನಂತೆ. ಹೆಣದ ಕಡೆ ಒಮ್ಮೆ ನೋಡಿ, ಇದು ಇಸ್ತ್ರಿ ಮಾಡುವ ವೆಂಕಮ್ಮನ ಕೆಲಸ ಎಂದ. ಬಟ್ಟೆಯಿಂದ ಉದುರುವ ನೂಲಿನ ಹೊಟ್ಟು ಮಷೀನಿನ ಜಾಳಿಗೆಯಲ್ಲಿ ಕೂರುತ್ತದೆ. ಅದನ್ನು ದಿನಾ ತೆಗೆಯುವುದು ಅವಳ ಜವಾಬ್ದಾರಿ. ತೆಗೆದಿಲ್ಲ, ಮಷೀನು ಕಾದು ಹೊತ್ತಿಕೊಂಡಿದೆ.

ಕನಕರಾಯ ಅದನ್ನೇ ಪಂಚನಾಮೆಯಲ್ಲಿ ಬರೆದ. ಮಾನ್ವಿ ಕಡೆಯ ವಿಧವೆ ವೆಂಕಮ್ಮನನ್ನು ಠಾಣೆಗೆ ಕರೆದೊಯ್ದರು. ಸಂಜೆ ಐದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಹಗಲು ಗಂಜ್ ಮಾರುಕಟ್ಟೆಯ ಹತ್ತಿ ಅಡತಿ ಅಂಗಡಿಯಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ಓದಿ ಪೊಲೀಸ್ ಆದವನು ಕನಕರಾಯ. ತಾನು ಬರೆದದ್ದರ ಮೇಲೆ ಅವನಿಗೆ ಎಂದೂ ನಂಬಿಕೆಯಿಲ್ಲ. ಮೂರು ಸಲ ಓದುತ್ತಾನೆ. ಮೂರನೆಯ ಸಲ ಓದುವಾಗ ತಪ್ಪು ಕಂಡಿತು. ಜಾಳಿಗೆಯನ್ನು ಅವನು ನೋಡಿಯೇ ಇರಲಿಲ್ಲ. ಹಂಪಯ್ಯ ಹೇಳಿದ್ದನ್ನು ಬರೆದಿದ್ದ.

*

ಗ್ಯಾಸ್ ಮೆಕ್ಯಾನಿಕ್ ಪೀರಾ ಸಾಬ್‌ನನ್ನು ಕರೆಸಿದ. ನಾಲ್ಕು ದಿನದ ಹಿಂದೆ ಈ ಮಷೀನಿಗೆ ಕೈ ಹಾಕಿದ್ದವನು ಅವನೇ, ಹಾಗಾಗಿ ಅನುಮಾನ ಅವನ ಮೇಲೂ ಇತ್ತು. ಮುದುಕನಿಗೆ ಅದು ತಿಳಿಯಿತು.

“ಗ್ಯಾಸ್ ಜಾಸ್ತಿ ಬಿಟ್ಟೀನಿ ಅಂತೀರೇನು? ನೀವ ನೋಡ್ರಿ” ಎಂದು ಬಾಗಿದ ಗಾಜಿನ ಕೊಳವೆಗೆ ನೀರು ತುಂಬಿ ಗ್ಯಾಸಿನ ಪೈಪಿಗೆ ಸಿಕ್ಕಿಸಿದ. ನೀರು ಗೆರೆಗೆ ಸರಿಯಾಗಿ ನಿಂತಿತು. ಒತ್ತಡದಲ್ಲಿ ತಪ್ಪಿಲ್ಲ. ಬರ್ನರಿನ ತೂತುಗಳೂ ಚೊಕ್ಕವಾಗಿದ್ದವು.

ಜಾಳಿಗೆ ಎಳೆದರು. ಅದರ ಮೇಲೆ ಕೂತದ್ದು ಒಂದೇ ಸಲ ತುಂಬಿದ ಬಟ್ಟೆಯ ಹೊಟ್ಟು, ಬೆರಳಲ್ಲಿ ಒರೆಸುವಷ್ಟು. ಕನಕರಾಯ ಬರೆದ ಪಂಚನಾಮೆ ಅಲ್ಲಿಗೆ ಸುಳ್ಳಾಯಿತು.

ಪೀರಾ ಸಾಬ್ ಹಿಂಬದಿಯ ತಗಡು ಬಿಚ್ಚಿದ. ಕಾವು ಮಿತಿ ಮೀರಿದರೆ ಗ್ಯಾಸ್ ನಿಲ್ಲಿಸುವ ಸಣ್ಣ ಬಿಲ್ಲೆಯೊಂದು ಅಲ್ಲಿರುತ್ತದೆ. ಅದರ ಎರಡು ಕಡ್ಡಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ ಕಟ್ಟಿದ್ದರು. ಬಿಲ್ಲೆ ಇದ್ದೂ ಇಲ್ಲದ ಹಾಗೆ.

“ಇದು ನನ್ನ ಕೈ ಅಲ್ಲ. ಹಿಂಗ ಕಟ್ಟು ಅಂತ ಹಂಪಯ್ಯ ಹೋದ ವಾರ ಕೇಳಿದ್ದ, ನಾ ಒಲ್ಲೆ ಅಂದೆ. ಆದ್ರ ಇದೊಂದಕ್ಕ ಬೆಂಕಿ ಹತ್ತಂಗಿಲ್ಲ ಸಾಬ್. ಬಿಸಿ ಗಾಳಿ ಹೊರಗ ಹೋಗೂ ಹಾದಿನೂ ಕಟ್ಟಿರಬೇಕು.”

ಆ ಹಾದಿ ಎಂದರೆ ಮಾಳಿಗೆಗೆ ಏರುವ ತಗಡಿನ ಕೊಳವೆ. ಮಾಳಿಗೆಯ ಬಾಗಿಲಿಗೆ ಬೀಗ. ಹಂಪಯ್ಯ ಉಡದಾರದಿಂದ ಕೀಲಿ ಬಿಚ್ಚಿದ.

“ಇನ್ನೊಂದು ಕೀಲಿ ಯಾರ ಹತ್ರ ಅದ?” ಕನಕರಾಯ ಕೇಳಿದ.

“ಇರೂದ ಒಂದು. ನಿನ್ನಿ ದೇವದುರ್ಗದಾಗೂ ನನ್ನ ನಡದಾಗ ಇತ್ತು. ಮಂದಿನ ನಂಬಿ ಕೆಡಬಾರದ್ರಿ.”

ಮೇಲೆ, ಕೊಳವೆಯ ಬಾಯಿಗೆ ಹಕ್ಕಿ ನುಗ್ಗದಂತೆ ಬಿಗಿದಿದ್ದ ಬಲೆಯ ಮೊಳೆಗಳು ಸಡಿಲವಾಗಿದ್ದವು. ಒಳಗೆ ಗಟ್ಟಿಯಾಗಿ ಕೂತಿತ್ತು ಹತ್ತಿ. ತಳ ಕಪ್ಪು, ಮೇಲೆ ಬಿಳುಪು. ನೋಡ್ರಿ, ಆಕಿ ತೆಗೆಯದ ಹೊಟ್ಟು ಹಾರಿ ಬಂದು ಇಲ್ಲಿ ಕೂತದ ಎಂದ ಹಂಪಯ್ಯ.

ಕನಕರಾಯ ಒಂದು ಚಿಟಿಕೆ ಎಳೆದ. ಉದ್ದನೆಯ ಎಳೆ. ಒಡೆದ ಹತ್ತಿಕಾಳಿನ ಚೂರು. ಇದು ಯಾವ ಬಟ್ಟೆಯಿಂದಲೂ ಉದುರಿದ್ದಲ್ಲ. ಇನ್ನೂ ಒಂದು ವಿಷಯ ಕಣ್ಣಿಗೆ ಚುಚ್ಚಿತು: ಆ ಹತ್ತಿಯನ್ನು ತುರುಕಿರಲಿಲ್ಲ. ಪದರದ ಮೇಲೆ ಪದರ ಹಾಸಿ, ಮಡಿಸಿ, ತುದಿ ಒಳಗೆ ಸೇರಿಸಿ ಇಟ್ಟಿದ್ದರು. ಎಲ್ಲಿಯೋ ನೋಡಿದ ಮಡಿಕೆ. ಆದರೆ ಖಚಿತಪಡಿಸಿಕೊಳ್ಳದೆ ಬರೆದು ಬೆಳಿಗ್ಗೆ ಒಮ್ಮೆ ಕೆಟ್ಟಿದ್ದಾಗಿದೆ ಎಂದುಕೊಂಡು ಹತ್ತಿಯನ್ನಷ್ಟೇ ತೆಗೆಸಿಕೊಂಡ.

*

ಠಾಣೆಯ ಬೆಂಚಿನ ಮೇಲೆ ವೆಂಕಮ್ಮ ಅರ್ಧ ತುಂಬಿದ ದಿಂಬೊಂದನ್ನು ಅಪ್ಪಿ ಕೂತಿದ್ದಳು. ಪೊಲೀಸರು ಕರೆದಾಗ ಲಾಂಡ್ರಿಯ ಗೂಟದಿಂದ ಅದನ್ನೊಂದೇ ಎತ್ತಿಕೊಂಡಿದ್ದಳು. ಒಳಗೆ ಏನಿದೆ ಎಂದ ಕನಕರಾಯ.

“ಜಾಳಿಗಿ ಹೊಟ್ಟರಿ. ದಿನಾ ತೆಗೆದದ್ದು ಇದರಾಗ ತುಂಬತಿದ್ದೆ. ಮಗಳ ಬಾಣಂತನಕ್ಕ ಅಂತ.”

ಹೊಲಿಗೆ ಬಿಚ್ಚಿ ನೋಡಿದ. ಬೂದು ಬಣ್ಣದ, ಬೆರಳಿಗೆ ಅಂಟದ ಗಿಡ್ಡ ನೂಲು. ದಿನಾ ತೆಗೆದವಳ ಸಾಕ್ಷಿ.

“ಮತ್ತ ಅರ್ಧಕ್ಕ ಯಾಕ ಬಿಟ್ಟಿ?”

ಅವಳು ನೆಲ ನೋಡಿದಳು. “ಇಪ್ಪತ್ತು ದಿನದಿಂದ ಅದು ತಲಿ ಇಡೂ ಹೊಟ್ಟಲ್ರಿ. ತೆಗೆದು ಹಿತ್ತಲ ಮೋರಿಗಿ ಹಾಕೀನಿ. ಬೇಕಾದ್ರ ನೋಡ್ರಿ.”

ಆಮೇಲೆ ತಡೆದು ತಡೆದು ಎಲ್ಲ ಹೇಳಿದಳು. ತೊಳೆಯುವ ಮಷೀನು ಕೆಟ್ಟು ಇಪ್ಪತ್ತು ದಿನವಾಗಿತ್ತು. ಆಸ್ಪತ್ರೆಯಿಂದ ಬಂದ ಹಾಸಿಗೆ ಬಟ್ಟೆಗಳನ್ನು ಹಂಪಯ್ಯ ತೊಳೆಸಲೇ ಇಲ್ಲ. ನೀರು ಚಿಮುಕಿಸಿ, ಅತ್ತರು ಹೊಡೆದು, ಒಣಗಿಸಿ, ಇಸ್ತ್ರಿ ಮಾಡಿ ವಾಪಸು ಕಳಿಸುತ್ತಿದ್ದ. ರಕ್ತದ ಕಲೆ ತಣ್ಣೀರಿನಲ್ಲಿ ಮಾತ್ರ ಬಿಡುತ್ತದೆ. ಕಾವು ತಾಗಿದರೆ ಬೆಂದು ಕೂತುಬಿಡುತ್ತದೆ. ಹಾಗೆ ಕೂತ ಬಟ್ಟೆಗಳು ಒಂದು ಗುಡ್ಡೆ ಇದ್ದವು. ಆಸ್ಪತ್ರೆಯಲ್ಲಿ ಬಾಣಂತಿಯರಿಗೆ ಕುರು ಎದ್ದಿದ್ದವು. ಇವತ್ತು ಹತ್ತಕ್ಕೆ ನಗರಸಭೆಯ ಆರೋಗ್ಯಾಧಿಕಾರಿ ಬರುವವರಿದ್ದರು. ಗುಡ್ಡೆಯನ್ನು ತಾನೇ ತೋರಿಸುತ್ತೇನೆ ಎಂದು ಮೌನಪ್ಪ ಹೇಳಿದ್ದ.

“ಮುಂಜಾನಿನ ಯಾಕ ಹೇಳಲಿಲ್ಲ?”

“ಇಸ್ತ್ರಿ ಮಾಡಿದ್ದು ನನ್ನ ಕೈನ ಅಲ್ಲೇನ್ರಿ. ಯಾವ ಬಾಯಿಲೆ ಹೇಳಲಿ. ನೀವೂ ಕೇಳಲಿಲ್ಲ.”

ಹೌದು, ಅವನು ಕೇಳಿರಲಿಲ್ಲ. ನಿನ್ನೆ ಸಂಜೆ ಮಷೀನು ಹೇಗಿತ್ತು ಎಂದು ಈಗ ಕೇಳಿದ. ಏಳರ ತನಕ ಚೆನ್ನಾಗಿ ಓಡಿತ್ತು, ಗಾಳಿ ಸಲೀಸಾಗಿ ಹೋಗುತ್ತಿತ್ತು.

*

ನಾಲ್ಕು ಗಂಟೆಗೆ ಲಾಂಡ್ರಿಯಲ್ಲಿ ಮಷೀನಿನ ಒಡಲಿಂದ ಕರಕಲು ಗಂಟನ್ನು ಎಳೆಸಿದರು. ನಡುವಿನ ಬಟ್ಟೆ ಸುಟ್ಟಿರಲಿಲ್ಲ. ಬಿಡಿಸಿದಾಗ ಕಂದು ಕಲೆಗಳು, ಒಣಗಿದ ಕೀವಿನ ಹಕ್ಕಳೆ, ಅತ್ತರು. ಕಾನ್‌ಸ್ಟೇಬಲ್ ಹೊರಗೆ ಓಡಿ ಮೋರಿಗೆ ಬಗ್ಗಿದ. ಮೋರಿಯಲ್ಲಿ ವೆಂಕಮ್ಮ ಹಾಕಿದ ಹೊಟ್ಟು ಮೊಣಕಾಲೆತ್ತರ ಬಿದ್ದಿತ್ತು.

ಹಂಪಯ್ಯ ಮಾತ್ರ ಕದಲಲಿಲ್ಲ. ಕನಕರಾಯ ಅವನ ಮುಂದೆ ಕೊಳವೆಯ ಹತ್ತಿಯನ್ನೂ ಒಂದು ಹಾಳೆಯನ್ನೂ ಇಟ್ಟ. ಕೋರ್ಟಿಗೆ ಕಳಿಸಬೇಕು, ಸ್ವಲ್ಪ ಕಟ್ಟಿ ಕೊಡ್ರಿ ಎಂದ.

ಹಂಪಯ್ಯ ಹಾಳೆ ಹಾಸಿದ. ಅವನ ಬೆರಳುಗಳು ಹತ್ತಿಯನ್ನು ಚಪ್ಪಟೆ ಮಾಡಿದವು. ಒಂದು ಪದರ, ಅದರ ಮೇಲೊಂದು ಪದರ. ಮಡಿಸಿ, ತುದಿ ಒಳಗೆ ಸೇರಿಸಿದವು.

“ಲಾಂಡ್ರಿ ಹಾಕೂಕ್ಕಿಂತ ಮೊದಲ ಏನು ಮಾಡತಿದ್ರಿ?”

“ಗಂಜಿನಾಗ ಹತ್ತಿ ವ್ಯಾಪಾರ...” ಕೈ ನಿಂತಿತು.

“ನಾನೂ ಅಲ್ಲೇ ದುಡಿದೀನಿ. ಹತ್ತಿ ಸ್ಯಾಂಪಲ್ ಹಿಂಗ ಮಡಿಸೂದು ಗಂಜಿನವರಷ್ಟ. ಪೈಪು ಮುಚ್ಚುವಾಗೂ ನಿಮ್ಮ ಕೈ ತನ್ನ ಚಾಳಿ ಬಿಡಲಿಲ್ಲ.”

ಯಾರಾದರೂ ಗಂಜಿನವರು ಮಾಡಿರಬಹುದು, ಊರ ತುಂಬ ಇದ್ದಾರೆ ಎಂದ ಹಂಪಯ್ಯ.

“ಇರಬಹುದು. ಆದ್ರ ಪೈಪು ಏಳರ ತನಕ ತೆರೆದಿತ್ತು. ಮುಚ್ಚಿದವರು ಆಮ್ಯಾಲ ಮಾಳಿಗಿ ಹತ್ತಬೇಕು. ಕೀಲಿ ಒಂದ, ನಿಮ್ಮ ನಡ ಬಿಟ್ಟಿಲ್ಲ ಅಂತ ನೀವ ಅಂದ್ರಿ. ಕೀಲಿ ಇಲ್ಲಿದ್ರ ನೀವೂ ಇಲ್ಲೇ.”

ಹಂಪಯ್ಯ ಕುಕ್ಕರಿಸಿದ. ರಾತ್ರಿ ದೇವದುರ್ಗದಿಂದ ಮರಳಿ ಪೈಪು ಮುಚ್ಚಿದ್ದು, ನಸುಕಿನಲ್ಲಿ ಕಲೆಯ ಬಟ್ಟೆ ತುಂಬಿ ಮಷೀನು ಹಚ್ಚಿದ್ದು, ಸುಟ್ಟುಹೋದರೆ ಅಪಘಾತ ಎಂದರಾಯಿತು ಎಂದುಕೊಂಡದ್ದು, ಎಲ್ಲ ಒಪ್ಪಿದ. “ಬಟ್ಟಿ ಅಷ್ಟ ಸುಡಬೇಕಿತ್ತು. ಆ ಮೌನಪ್ಪಗ ಬಾಗಿಲು ತೆಗಿ ಅಂದವರ್ಯಾರು?”

ಹೆಣಕ್ಕೆ ಬೈಯುತ್ತಿದ್ದ ಆ ಬಾಯಿ ಕಂಡು ಕನಕರಾಯನಿಗೆ ಬೆಳಗಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು.

*

ಐದಕ್ಕೆ ಹತ್ತು ನಿಮಿಷ ಇರುವಾಗ ಪಂಚನಾಮೆಯನ್ನು ಹೊಸದಾಗಿ ಬರೆದು ಮುಗಿಸಿದ. ಬೆಳಗಿನದನ್ನು ಹರಿಯಲಿಲ್ಲ, ತಪ್ಪು ತನ್ನದು ಎಂದು ಅಡಿಯಲ್ಲಿ ಬರೆದು ಸಹಿ ಹಾಕಿ ಜೊತೆಗಿಟ್ಟ. ವೆಂಕಮ್ಮನಿಗೆ, ನೀನಿನ್ನು ಮನೆಗೆ ಹೋಗವ್ವಾ, ಸಾಕ್ಷಿ ಹೇಳಲು ಮಾತ್ರ ಬಾ ಎಂದ. ದಿಂಬು ಠಾಣೆಯಲ್ಲೇ ಉಳಿಯಬೇಕಾಗಿತ್ತು.

ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. ಅವನ ಇಸ್ತ್ರಿಯ ಖಾಕಿಯನ್ನು ನೋಡುತ್ತಿದ್ದಳು.

“ಆ ಅಂಗಿನೂ ನಮ್ಮ ಲಾಂಡ್ರಿದರಿ. ಹೋದ ವಾರದ್ದು. ಆ ಆಸ್ಪತ್ರಿ ಬಟ್ಟಿ ಜೋಡಿನ ಮಷೀನಿನಾಗ ತಿರುಗಿದ್ದು. ತಣ್ಣೀರಾಗ ನೆನಿ ಇಡ್ರಿ.”

ಕನಕರಾಯ ಕಾಲರ್ ಮೂಸಿದ. ಅತ್ತರು. ಬೆಳಗಿನಿಂದ ಮೂಗಿಗೆ ಹತ್ತಿದ್ದ ನಾತ ಅವನ ಕುತ್ತಿಗೆಯದೂ ಆಗಿತ್ತು. ಒಂದೊಂದೇ ಗುಂಡಿ ಬಿಚ್ಚಿ, ಅಂಗಿಯನ್ನು ಬೆರಳ ತುದಿಯಲ್ಲಿ ಹಿಡಿದು, ಬನಿಯನ್ನಿನಲ್ಲೇ ಠಾಣೆಯ ಹಿಂದಿನ ನಲ್ಲಿಯ ಕಡೆ ನಡೆದ.