ಹುಬ್ಬು ಕದಲದ ದಿನ

“ಇದು ಕಾಫಿಯೇನಮ್ಮಾ? ಪಾತ್ರೆ ತೊಳೆದ ನೀರು!”

ಖರೀದಿಗೆ ಬಂದಿದ್ದ ವ್ಯಾಪಾರಿ ಥೂ ಎಂದು ಉಗುಳಿದ. ಅದೇ ಬಟ್ಟಲಿನ ಕಾಫಿಗೆ ಅವಳು ಈಗಷ್ಟೇ “ಕೆಫೀನ್ ತೆಗೆದದ್ದು ಅಂತ ಗೊತ್ತೇ ಆಗಲ್ಲ, ಅಷ್ಟು ಚೆನ್ನಾಗಿದೆ” ಎಂದಿದ್ದಳು!

ಕಾಫಿಬೀಜದಿಂದ ಕೆಫೀನ್ ತೆಗೆಯುವ ಆ ಕಾರ್ಖಾನೆಯಲ್ಲಿ ರುಚಿ ನೋಡಿ ಹೇಳುವುದೇ ಅವಳ ಕೆಲಸ.

ಟ್ರೇ ಹಿಡಿದಿದ್ದ, ಬೀಜ ನೆನೆಸುವ ಟ್ಯಾಂಕಿನ ಕೆಲಸದವನ ಮುಖ ಬಿಳಿಚಿಕೊಂಡಿತು. “ಸಾರ್... ಇದು ಮೊದಲು ನೆನೆಸಿದ ಬೀಜದ್ದು. ಬಟ್ಟಲು ಅದಲುಬದಲಾಗಿದೆ.”

ಹಸಿ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿದರೆ ಕೆಫೀನಿನ ಜೊತೆ ರುಚಿಯೂ ನೀರಿಗಿಳಿಯುತ್ತದೆ. ಕೆಫೀನನ್ನು ಇದ್ದಿಲಿನಲ್ಲಿ ಸೋಸಿ, ರುಚಿ ತುಂಬಿದ ಆ ನೀರಿಗೆ ಹೊಸ ಬೀಜ ಸುರಿಯುತ್ತಾರೆ. ನೀರಿನಲ್ಲಿ ಇನ್ನಷ್ಟು ರುಚಿಗೆ ಜಾಗವಿಲ್ಲ. ಹೊಸ ಬೀಜದಿಂದ ಕೆಫೀನ್ ಮಾತ್ರ ಹೊರಡುತ್ತದೆ. ಎಲ್ಲ ಕಳೆದುಕೊಂಡ ಮೊದಲ ಬೀಜ ಕಸಕ್ಕೆ. ಅದರ ಕಷಾಯವನ್ನು ಹೊಗಳಬೇಕಾದರೆ ಒಂದೋ ಮೂಗು ಸತ್ತಿರಬೇಕು, ಇಲ್ಲವೇ ಹೊಟ್ಟೆಪಾಡಿರಬೇಕು.

ಅವಳಿಗೆ ಎರಡೂ ಇದ್ದವು.

“ಯಾರ ತಪ್ಪು ಅಂತ ಸಂಜೆಯೊಳಗೆ ಗೊತ್ತಾಗಬೇಕು. ಅವರು ನಾಳೆ ಬರೋದು ಬೇಡ” ಎಂದು ಮ್ಯಾನೇಜರ್ ಗುಡುಗಿದರು.

ಅವಳು ಟ್ಯಾಂಕಿನ ಬಳಿ ಟ್ರೇ ಹಿಡಿದಿದ್ದವನನ್ನು ಅಡ್ಡಗಟ್ಟಿದಳು.

“ಬೇಕಂತಲೇ ಮಾಡಿದ್ರಾ? ನಿಮ್ಮ ಹುಬ್ಬು ಯಾಕೆ ಏರಲಿಲ್ಲ?”

“ಯಾವ ಹುಬ್ಬು?”

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಚಳಿಗಾಲದ ಜ್ವರ ಹೋಗುವಾಗ ವಾಸನೆ ಹಿಡಿಯುವ ಅವಳ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ಮನೆಯಲ್ಲಿ ಅವಳ ದುಡಿಮೆಯನ್ನೇ ನಂಬಿದ ಅಮ್ಮ, ತಂಗಿ. ದಿನವೂ ಮೊದಲ ಚಮಚ ಹೀರುವವನು ಅವನು. ರುಚಿ ಕೆಟ್ಟಿದ್ದರೆ ಅವನ ಎಡಹುಬ್ಬು ತಾನಾಗಿ ಏರುತ್ತಿತ್ತು. ಅವಳು ಅದನ್ನು ನೋಡಿ ತೀರ್ಪು ಹೇಳುತ್ತಿದ್ದಳು!

ಅವನು ನಕ್ಕ. ಆ ನಗುವಿನಲ್ಲಿ ಖುಷಿಯಿರಲಿಲ್ಲ.

“ಅಂದ್ರೆ... ದಿನಾ ನನ್ನ ಮುಖಾನೇ ನೋಡ್ತಿದ್ದಿದ್ದು ಇದಕ್ಕಾ? ನನ್ನಂಥ ಪೆದ್ದ ಇನ್ನೊಬ್ಬ ಇಲ್ಲ! ಇವತ್ತು ಕೇಳೇಬಿಡೋಣ ಅಂತ ಹೊಸ ಅಂಗಿ ಹಾಕ್ಕೊಂಡು ಬಂದಿದ್ದೆ. ಆ ಗಾಬರೀಲಿ ಬಾಯಿಗೆ ಹೋಗಿದ್ದು ಕಾಫಿನೋ ಸೀಮೆಎಣ್ಣೆನೋ ಗೊತ್ತಾಗಲಿಲ್ಲ.”

“ಮೊದಮೊದಲು ಹುಬ್ಬು ನೋಡೋಕೇ ನೋಡ್ತಿದ್ದೆ. ಆಮೇಲೆ...”

“ಬೇಡ ಬಿಡಿ. ಕೆಲಸ ಉಳಿಸಿಕೊಳ್ಳೋಕೆ ಆ ಮಾತೂ ಆಡಬೇಡಿ.”

ಅವನು ಮ್ಯಾನೇಜರ್ ಕೋಣೆಯತ್ತ ಬಿರಬಿರನೆ ನಡೆದ.

‘ಮುಗೀತು... ಎಲ್ಲ ಹೇಳಿಬಿಡ್ತಾನೆ!’ ಕೆಲಸಕ್ಕಿಂತ ಅವನೇ ಕೈತಪ್ಪಿದ ಎಂಬ ಸಂಕಟ ದೊಡ್ಡದಾಗಿತ್ತು. ಅದು ಅವಳಿಗೇ ಆಶ್ಚರ್ಯ. ಎದ್ದೂ ಬಿದ್ದೂ ಓಡಿದಳು.

ಬಾಗಿಲಾಚೆ ಅವನ ದನಿ ಸ್ಪಷ್ಟವಾಗಿತ್ತು. “ನಾನೇ ಸಾರ್. ಬಟ್ಟಲು ಬದಲಾಯಿಸಿ, ಚೆನ್ನಾಗಿದೆ ಅನ್ನಿ ಅಂತ ಅವರನ್ನ ಹೆದರಿಸಿದ್ದೆ.”

ಹೆದರಿಸುವವನ ಮುಖವೇ ಅದು? ಬೆಕ್ಕೂ ನಂಬದು! ಅವಳು ಬಾಗಿಲು ತಳ್ಳಿದಳು.

“ಸುಳ್ಳು ಸಾರ್! ನನಗೆ ವಾಸನೇನೇ ಬರಲ್ಲ. ಚಳಿಗಾಲದಿಂದ ನಿಮಗೆ ಮೋಸ ಮಾಡ್ತಿದೀನಿ. ಇವರನ್ನ ಕಳಿಸಬೇಡಿ... ದಮ್ಮಯ್ಯ!”

“ಕೆಲಸ ಕಳ್ಕೊಳ್ಳೋಕೂ ಪೈಪೋಟಿನಾ?” ಮ್ಯಾನೇಜರ್ ಹಣೆ ಒತ್ತಿಕೊಂಡರು. ಆಮೇಲೆ ಅವಳ ಮುಂದೆ ಕೈಚಾಚಿದರು. ಅವಳು ರುಚಿಕೋಣೆಯ ಬೀಗದ ಕೈ ಕೊಟ್ಟಳು.

ಗೇಟಿನ ಮೆಟ್ಟಿಲ ಮೇಲೆ ಕುಳಿತು ಅವಳು ಬಿಕ್ಕುತ್ತಿದ್ದಾಗ, ಅವನು ಎರಡು ಲೋಟ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕುಳಿತ.

“ನನ್ನನ್ನ ಯಾಕೆ ಉಳಿಸಿದ್ರಿ?” ಎಂದು ಕೇಳಿದ.

ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. “ಇನ್ನು ನಿಮ್ಮ ಹುಬ್ಬಿನಿಂದ ನನಗೆ ಏನೂ ಆಗಬೇಕಾಗಿಲ್ಲ. ಆದರೂ ನೋಡ್ತಾನೇ ಇದೀನಲ್ಲ...”

ಅವನು ಒಂದು ಲೋಟ ಅವಳಿಗೆ ಕೊಟ್ಟು, ತನ್ನದರಲ್ಲಿ ಒಂದು ಗುಟುಕು ಹೀರಿದ.

“ಹುಬ್ಬು ಕದಲಲಿಲ್ಲ. ಚೆನ್ನಾಗಿರಬೇಕು” ಎಂದಳು.

“ನಂಬಬೇಡಿ” ಎಂದ ಅವನು ಮೆಲ್ಲಗೆ. “ಈಗಲೂ ನನಗೆ ರುಚಿ ಗೊತ್ತಾಗ್ತಿಲ್ಲ.”