ಮ್ಯಾಲಿನವರು ಯಾರು?

“ಬರೆಯಂಗಿಲ್ಲ ಸಾರ್.”

ಭೀಮಮ್ಮ ಬೆಂಚಿನ ಮೇಲೆ ನಿಂತೇ ಹೇಳಿದಳು. ಒಂಬತ್ತನೇ ಕ್ಲಾಸಿಗೆ ಕ್ಲಾಸೇ ತಿರುಗಿ ನೋಡಿತು. ಕಂಪ್ಲಿಯ ಆ ಹೈಸ್ಕೂಲಿನಲ್ಲಿ ಭೂಗೋಳದ ಕೊಟ್ರಯ್ಯ ಮೇಷ್ಟ್ರಿಗೆ ಎದುರು ಮಾತಾಡುವುದೇ!

ನೈಲ್ ನದಿ ನೀರಿನ ಜಗಳದ ಪಾಠ. ಈಜಿಪ್ಟ್, ಸುಡಾನ್ ಎರಡರಲ್ಲಿ ಮೇಲಿನ ದೇಶ ಯಾವುದು ಎಂಬ ಪ್ರಶ್ನೆಗೆ ಅವಳು ‘ಸುಡಾನ್’ ಎಂದು ಬರೆದಿದ್ದಳು. ಮೇಷ್ಟ್ರು ಅದಕ್ಕೆ ಕೆಂಪು ಗೀಟು ಎಳೆದು, ‘ಈಜಿಪ್ಟ್’ ಅಂತ ಹತ್ತು ಸಲ ಬರೆ ಎಂದಿದ್ದರು.

“ಕಣ್ಣು ಕಾಣಂಗಿಲ್ಲೇನು? ನಕ್ಷೆದಾಗ ಈಜಿಪ್ಟ್ ಮ್ಯಾಲ ಐತಿ!” ಮೇಷ್ಟ್ರು ಕೋಲಿನಿಂದ ಗೋಡೆಯ ನಕ್ಷೆ ಕುಟ್ಟಿದರು.

“ಕಾಲುವಿ ನೀರು ಮೊದ್ಲು ಯಾರಿಗೆ ಸಿಗತೈತೋ ಅವರು ಮ್ಯಾಲಿನವರು ಸಾರ್. ನೀರು ಸುಡಾನ್ ದಾಟಿ ಈಜಿಪ್ಟಿಗೆ ಬರತೈತಿ. ಈಜಿಪ್ಟಿನವರು ಕೆಳಗಿನವರು.”

ಅಷ್ಟಕ್ಕೇ ಬಿಟ್ಟಳೇ ಈ ಹುಡುಗಿ? ಧಡಕ್ಕನೆ ಇಳಿದು ಬಂದು, ಮೊಳೆಯಿಂದ ನಕ್ಷೆ ತೆಗೆದು ನೆಲಕ್ಕೆ ಹಾಸಿದಳು. “ಗ್ವಾಡಿಗೆ ತೂಗು ಹಾಕಿದ್ದಕ್ಕ ಹಂಗ ಕಾಣತೈತಿ. ಈಗ ನೋಡ್ರಿ.”

ಮೇಷ್ಟ್ರು ಬಗ್ಗಿದರು. ನದಿಯ ಗೆರೆಯ ಮೇಲೆ ಸಮುದ್ರದವರೆಗೆ ಬೆರಳಾಡಿಸಿದರು.

“ಹೌದು ಬಿಡು, ನಾನ ತಪ್ಪಿದೆ. ಹಂಗಾದ್ರ ನೀನ ಹೇಳು, ಈ ಜಗಳ ಹೆಂಗ ಬಗಿಹರೀಬೇಕು?”

“ಮ್ಯಾಲಿನವರು ತಮ್ಮ ಪಾಳಿ ಮುಗಿದ ಕೂಡ್ಲೇ ನೀರು ಬಿಡಬೇಕು ಸಾರ್!”

“ಮೊದ್ಲು ನಿಮ್ಮಪ್ಪಗ ಹೇಳು,” ಹಿಂದಿನ ಬೆಂಚಿನಿಂದ ಸುಂಕಮ್ಮ ಅಂದಳು. “ನಿಮ್ಮ ಕಾಲುವಿ ಕೆಳಗಿನ ತುದಿಗೆ ನಮ್ಮ ಗದ್ದಿ ಐತಿ. ಹನಿ ನೀರು ಬಂದಿಲ್ಲ. ಭತ್ತದ ಸಸಿ ಒಣಗಾಕ ಹತ್ಯಾವು.”

ಸುಳ್ಳಿ! ಭೀಮಮ್ಮನಿಗೆ ಮೈಯೆಲ್ಲ ಉರಿಯಿತು.

ಸಂಜೆ ಪಾಟಿಚೀಲ ಹೊತ್ತೇ ಗದ್ದೆಗೆ ಓಡಿದಳು. ಅಪ್ಪ ಮುದುಕಪ್ಪ ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದ. ಸಣ್ಣ ಕಾಲುವೆಗೆ ಅಡ್ಡಲಾಗಿ ಮರಳಿನ ಚೀಲಗಳು. ನೀರೆಲ್ಲ ಇವರ ಗದ್ದೆಗೇ ತಿರುಗಿತ್ತು.

“ಯಪ್ಪಾ, ನಮ್ಮ ಪಾಳಿ ಯಾವಾಗ ಮುಗೀತು?”

“ಮೂರು ದಿನ ಆತು. ಯಾಕ?”

“ಚೀಲ ತೆಗಿ.”

“ಸಾಲಿ ಕಲ್ತು ನನಗ ಬುದ್ಧಿ ಹೇಳ್ತೀಯೇನು? ನಡಿ ಮನಿಗೆ!”

“ಹೋಗಂಗಿಲ್ಲ.”

ಲಂಗ ಎತ್ತಿ ಸಿಕ್ಕಿಸಿ ಕಾಲುವೆಗೆ ಇಳಿದೇಬಿಟ್ಟಳು. ಚೀಲ ಜಗ್ಗಿದಳು, ಅಲುಗಲಿಲ್ಲ. ಮತ್ತೆ ಜಗ್ಗಿದಳು. ಅಪ್ಪ ಎದ್ದು ನಿಂತು ಬಾಯಿಗೆ ಬಂದಂತೆ ಬೈದ. ಆದರೆ ಇಳಿದು ಬಂದು ತಡೆಯಲಿಲ್ಲ.

ಮೂರನೇ ಸಲಕ್ಕೆ ಚೀಲ ಉರುಳಿತು. ನೀರು ದಬದಬ ನುಗ್ಗಿತು.

ನೈಲ್ ನದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಭೀಮಮ್ಮನಿಗೆ ಗೊತ್ತಿತ್ತು. ಸುಂಕಮ್ಮನ ಗದ್ದೆ ಎಷ್ಟು ದೂರ ಎಂದು ಗೊತ್ತಿರಲಿಲ್ಲ. ಒದ್ದೆ ಲಂಗದಲ್ಲೇ ನೀರಿನ ಜೊತೆ ದಂಡೆ ಹಿಡಿದು ನಡೆದಳು.